ಬೂದಿಯಲ್ಲಿ ಉಳಿದ ಉಕ್ಕು

ಸೆರಾಂಪುರದ ಅಚ್ಚುಕೂಟಕ್ಕೆ 1811ರಲ್ಲಿ ಕಾಲಿಟ್ಟವರಿಗೆ ಮೊದಲು ಎದುರಾಗುತ್ತಿದ್ದುದು ಒಂದು ಪುಟ್ಟ ಕೋಣೆ. ಅಲ್ಲಿ ಬಿಳಿ ಜಾಕೆಟ್ ತೊಟ್ಟ ವಿಲಿಯಂ ವಾರ್ಡ್ ಏನನ್ನಾದರೂ ಓದುತ್ತಲೋ ಬರೆಯುತ್ತಲೋ ಕೂತಿರುತ್ತಿದ್ದ. ಕೂತಲ್ಲಿಂದಲೇ ಅವನ ಕಣ್ಣು 170 ಅಡಿಗೂ ಹೆಚ್ಚು ಉದ್ದದ ಹಜಾರದ ಮೇಲಿರುತ್ತಿತ್ತು. ಹಜಾರದಲ್ಲಿ ಪಂಡಿತರು ಒಂದು ಕಡೆ ಅನುವಾದ ಮಾಡುತ್ತ, ಕರಡು ತಿದ್ದುತ್ತ ಕೂತಿರುತ್ತಿದ್ದರು. ಇನ್ನೊಂದು ಕಡೆ ಮೊಳೆಗಳ ಪೆಟ್ಟಿಗೆಗಳು: ಅರಬ್ಬಿ, ಪಾರಸಿ, ನಾಗರಿ, ತೆಲುಗು, ಪಂಜಾಬಿ, ಬಂಗಾಳಿ, ಮರಾಠಿ, ಚೀನಿ, ಒಡಿಯಾ, ಬರ್ಮಿ, ಗ್ರೀಕ್, ಹೀಬ್ರೂ, ಇಂಗ್ಲಿಷ್, ಮತ್ತು ನಮ್ಮ ಕನ್ನಡ. ಮೊಳೆ ಜೋಡಿಸುವವರು, ಕೆಲಸ ಮುಗಿದ ಮೊಳೆಗಳನ್ನು ಬಿಡಿಸಿ ಮನೆಮನೆಗೆ ಹಾಕುವವರು, ಹಾಳೆ ಮಡಿಸುವವರು, ರಟ್ಟು ಕಟ್ಟುವ ಆರು ಜನ ಮುಸಲ್ಮಾನ ಕೆಲಸಗಾರರು. ಹಿಂಭಾಗದಲ್ಲಿ ಮೊಳೆ ಎರಕ ಹೊಯ್ಯುವವರು, ಶಾಯಿ ಅರೆಯುವವರು, ಅದರಾಚೆ ಗೋಡೆ ಕಟ್ಟಿದ ಬಯಲಿನಲ್ಲಿ ಕಾಗದದ ಕಾರ್ಖಾನೆ. ಈ ಚಿತ್ರವನ್ನು ಕಾಗದದಲ್ಲಿ ಬಿಡಿಸಿ ತನ್ನ ನೆಂಟರಿಗೆ ಕಳಿಸಿದವನು ವಾರ್ಡನೇ. ಆ ಕಾಗದವನ್ನು ಓದಿದರೆ, ಒಂದು ಪುಸ್ತಕ ಹುಟ್ಟಲು ಬೇಕಾದ ಎಲ್ಲವೂ, ಹಾಳೆಯಿಂದ ಹಿಡಿದು ಅಕ್ಷರದ ಮೂಲಪಡಿಯಚ್ಚಿನವರೆಗೆ, ಒಂದೇ ಆವರಣದಲ್ಲಿದ್ದುವೆಂಬುದು ತಿಳಿಯುತ್ತದೆ. ಮುಂದೆ ನಡೆದದ್ದನ್ನು ಅರ್ಥಮಾಡಿಕೊಳ್ಳಲು ಇದೊಂದು ಸಂಗತಿ ನೆನಪಿನಲ್ಲಿರಬೇಕು.

ಮರುವರ್ಷ, 1812ರ ಮಾರ್ಚ್ 11ರ ಬುಧವಾರ ಸಂಜೆ ಆರರ ಸುಮಾರಿಗೆ, ವಾರ್ಡ್ ತನ್ನ ಮೇಜಿನ ಮುಂದೆ ಇದ್ದಾಗಲೇ ಕಟ್ಟಡದ ಇನ್ನೊಂದು ತುದಿಯಿಂದ ಹೊಗೆ ಎದ್ದಿತು. ಅಲ್ಲಿ ಕಾಗದದ ದಾಸ್ತಾನು ಇತ್ತು. ಮುದ್ರಣ ಬಲ್ಲವನಾದ್ದರಿಂದ ಅವನಿಗೆ ಕಾಗದದ ಬೆಂಕಿಯ ಸ್ವಭಾವ ಗೊತ್ತಿತ್ತು. ಒತ್ತಾಗಿ ಪೇರಿಸಿದ ಕಾಗದ ಭಗ್ಗೆಂದು ಹತ್ತಿಕೊಳ್ಳುವುದಿಲ್ಲ, ಒಳಗೊಳಗೇ ಕಮರುತ್ತದೆ. ಗಾಳಿ ಸಿಕ್ಕಿದರೆ ಮಾತ್ರ ಉರಿಯುತ್ತದೆ. ಅವನು ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿಸಿದ, ಚಾವಣಿಗೆ ತೂತು ಕೊರೆಸಿ ಮೇಲಿನಿಂದ ನೀರು ಹೊಯ್ಯಿಸಿದ. ಸುಮಾರು ನಾಲ್ಕು ಗಂಟೆ ಹೀಗೇ ಸಾಗಿ, ಬೆಂಕಿ ತಹಬಂದಿಗೆ ಬಂತೆನ್ನುವಾಗ, ಗಾಬರಿಯಲ್ಲಿ ಯಾರೋ ಕಿಟಕಿಗಳನ್ನು ತೆರೆದರು. ಒಳಗಿದ್ದ ಕೆಂಡಕ್ಕೆ ಗಾಳಿ ಸಿಕ್ಕಿತು. ನಡುರಾತ್ರಿಯ ಹೊತ್ತಿಗೆ ಚಾವಣಿ ಕುಸಿಯಿತು. ಅಂದು ಗಾಳಿ ಬೀಸದಿದ್ದುದರಿಂದ ಜ್ವಾಲೆ ನೆಟ್ಟಗೆ ಮೇಲಕ್ಕೆ ಎದ್ದು, ಅಕ್ಕಪಕ್ಕದ ಕಟ್ಟಡಗಳು ಉಳಿದುಕೊಂಡವು. ಯಾರ ಪ್ರಾಣವೂ ಹೋಗಲಿಲ್ಲ. ಮುದ್ರಣ ಯಂತ್ರಗಳು ಉಳಿದವು, ಕಾಗದದ ಕಾರ್ಖಾನೆ ಉಳಿಯಿತು. ಆ ಉದ್ದನೆಯ ಹಜಾರ ಮಾತ್ರ ಉಳಿಯಲಿಲ್ಲ.

ಈ ಅಚ್ಚುಕೂಟದ ಹಿನ್ನೆಲೆಯನ್ನು ನಾಲ್ಕು ಮಾತಿನಲ್ಲಿ ಹೇಳಬಹುದು. ಈಸ್ಟ್ ಇಂಡಿಯಾ ಕಂಪನಿ ತನ್ನ ಸೀಮೆಯಲ್ಲಿ ಮಿಷನರಿಗಳಿಗೆ ಎಡೆ ಕೊಡುತ್ತಿರಲಿಲ್ಲ. ಅದಕ್ಕಾಗಿ ವಿಲಿಯಂ ಕೇರಿ, ಜೋಶುವಾ ಮಾರ್ಷ್‌ಮನ್, ವಿಲಿಯಂ ವಾರ್ಡ್ ಮೂವರೂ 1800ರಲ್ಲಿ ಕಲ್ಕತ್ತದಿಂದ ಸುಮಾರು 15 ಮೈಲಿ ಮೇಲೆ, ಹೂಗ್ಲಿ ದಂಡೆಯ ಡೇನ್ ವಸಾಹತು ಸೆರಾಂಪುರದಲ್ಲಿ, ಅಂದರೆ ಶ್ರೀರಾಮಪುರದಲ್ಲಿ, ನೆಲೆ ನಿಂತರು. ಕೇರಿ ಹಿಂದೆ ಚಮ್ಮಾರಿಕೆ ಮಾಡಿದವನು, ಮಾರ್ಷ್‌ಮನ್ ಶಾಲೆಯ ಮೇಷ್ಟರು, ವಾರ್ಡ್ ಮುದ್ರಕ ಮತ್ತು ಪತ್ರಿಕೆಯ ಸಂಪಾದಕ. ಮೂವರ ಗಳಿಕೆಯೂ ಒಂದೇ ಥೈಲಿಗೆ ಬೀಳುತ್ತಿತ್ತು. ಧರ್ಮಪ್ರಚಾರ ಅವರ ಗುರಿಯಾಗಿದ್ದರೂ ಅಚ್ಚುಕೂಟ ನಡೆದದ್ದು ವ್ಯಾಪಾರದ ಲೆಕ್ಕದಲ್ಲೇ. ಫೋರ್ಟ್ ವಿಲಿಯಂ ಕಾಲೇಜಿಗೆ ಬೇಕಾದ ಪಠ್ಯಗಳು, ವ್ಯಾಕರಣಗಳು, ಹೊರಗಿನವರ ಕೆಲಸ ಎಲ್ಲವನ್ನೂ ಅದು ದುಡ್ಡಿಗೆ ಅಚ್ಚುಹಾಕಿಕೊಡುತ್ತಿತ್ತು. ಹಾಗಾಗಿ ಬೆಂಕಿಯ ರಾತ್ರಿ ಸುಟ್ಟುಹೋದದ್ದು ಒಂದು ಧರ್ಮಸಂಸ್ಥೆಯ ಆಸ್ತಿ ಎಂಬುದು ಎಷ್ಟು ನಿಜವೋ, ಪುಸ್ತಕದ ಮಾರುಕಟ್ಟೆಯಲ್ಲಿ ಹೆಸರು ಮಾಡಿದ್ದ ಒಂದು ಉದ್ಯಮದ ಬಂಡವಾಳ ಎಂಬುದೂ ಅಷ್ಟೇ ನಿಜ.

ನಷ್ಟದ ಪಟ್ಟಿ ಓದುವಾಗ ಎದೆ ಭಾರವಾಗುತ್ತದೆ. ಇಂಗ್ಲೆಂಡಿನಿಂದ ಬಂದಿದ್ದ ಸಾವಿರಕ್ಕೂ ಹೆಚ್ಚು ರೀಮು ಕಾಗದ, ಹದಿನಾಲ್ಕು ಪೌರ್ವಾತ್ಯ ಭಾಷೆಗಳ ಮೊಳೆಗಳು, ಅಚ್ಚಾಗಿ ಮಡಿಸಲು ಕಾದಿದ್ದ ಹಾಳೆಗಳ ರಾಶಿ. ಇವೆಲ್ಲಕ್ಕಿಂತ ಹೆಚ್ಚಾಗಿ ಹಸ್ತಪ್ರತಿಗಳು: ಕೇರಿಯ ಕನ್ನಡ ಹೊಸ ಒಡಂಬಡಿಕೆ ಪೂರ್ತಿ, ಅವನ ತೆಲುಗು ವ್ಯಾಕರಣ, ಪಂಜಾಬಿ ವ್ಯಾಕರಣದ ಬಹುಭಾಗ, ಬಂಗಾಳಿ ನಿಘಂಟಿನ ಪುಟಗಳು, ಮಾರ್ಷ್‌ಮನ್ ಜೊತೆಗೂಡಿ ಒಂದು ವರ್ಷ ದುಡಿದ ರಾಮಾಯಣದ ಅನುವಾದ, ಮತ್ತು ಸಂಸ್ಕೃತದ ಶಬ್ದಗಳಿಗೆ ಭಾರತದ ಇತರ ಭಾಷೆಗಳ ಸಮಾನಪದಗಳನ್ನು ಹೊಂದಿಸಿ ಕಟ್ಟುತ್ತಿದ್ದ ಬಹುಭಾಷಾ ನಿಘಂಟು. ಒಟ್ಟು ನಷ್ಟ ಸುಮಾರು 10,000 ಪೌಂಡ್ ಎಂದು ಅಂದಾಜು ಮಾಡಿದರು. ಪೌಂಡಿನಲ್ಲಿ ಅಳೆಯಲು ಬರುವುದೂ ಬಾರದ್ದೂ ಈ ಒಂದೇ ಪಟ್ಟಿಯಲ್ಲಿ ಬೆರೆತು ಕೂತಿವೆ. ಸೆರಾಂಪುರದ ಚೇತರಿಕೆಯ ಕಥೆಯನ್ನು ಹೇಳಿದವರಲ್ಲಿ ಬಹುಮಂದಿ ಇವೆರಡನ್ನೂ ಬಿಡಿಸಿ ನೋಡಲಿಲ್ಲವೆಂಬುದೇ ನನ್ನ ತಕರಾರು.

ರೂಢಿಯ ಕಥೆ ಹೀಗಿದೆ. ಸುದ್ದಿ ಇಂಗ್ಲೆಂಡಿಗೆ ಮುಟ್ಟಿತು. ಈ ಮೂವರ ಬೆನ್ನಿಗಿದ್ದ ಬ್ಯಾಪ್ಟಿಸ್ಟ್ ಸಂಘದ ಕಾರ್ಯದರ್ಶಿ ಆಂಡ್ರ್ಯೂ ಫುಲ್ಲರ್ ಮನವಿ ಮಾಡಿಕೊಂಡ. ಪಂಥಭೇದ ಮರೆತು ಜನ ಹಣ ಕೊಟ್ಟರು. ಸುಮಾರು ಎರಡು ತಿಂಗಳಲ್ಲಿ ನಷ್ಟದಷ್ಟೂ ಹಣ ಕೂಡಿ, ಇನ್ನು ಸಾಕು ಎಂದು ಫುಲ್ಲರನೇ ಹೇಳಬೇಕಾಯಿತು. ಅಚ್ಚುಕೂಟ ಮತ್ತೆ ಎದ್ದು ನಿಂತಿತು. ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಆದರೆ ಇವುಗಳನ್ನು ಪೋಣಿಸಿದ ದಾರ ತಪ್ಪು. ತಾರೀಖುಗಳನ್ನು ಸಾಲಾಗಿ ಇಟ್ಟು ನೋಡಿದರೆ ಅದು ಗೊತ್ತಾಗುತ್ತದೆ. ಬೆಂಕಿ ಬಿದ್ದದ್ದು ಮಾರ್ಚ್‌ನಲ್ಲಿ. ಹಾಯಿಹಡಗಿನ ಕಾಲದಲ್ಲಿ ಸುದ್ದಿ ಇಂಗ್ಲೆಂಡ್ ಸೇರಿದ್ದು ಸೆಪ್ಟೆಂಬರ್‌ನಲ್ಲಿ. ಹಣ ಕೂಡುವ ಹೊತ್ತಿಗೆ ಆ ವರ್ಷ ಮುಗಿಯುತ್ತ ಬಂದಿತ್ತು. ಆ ನೆರವು ಮತ್ತೆ ಅಷ್ಟೇ ದೂರದ ಕಡಲು ದಾಟಿ ಬಂಗಾಳಕ್ಕೆ ಬರಬೇಕಿತ್ತು. ಸೆರಾಂಪುರದಲ್ಲಾದರೋ ಬೂದಿ ಆರುವ ಮುನ್ನವೇ ಎರಕದ ಕೆಲಸ ಶುರುವಾಗಿತ್ತು. ಕೆಲವೇ ವಾರಗಳಲ್ಲಿ ಮೊದಲ ಭಾಷೆಗಳ ಮೊಳೆಗಳು ತಯಾರಾದವು. ಇಂಗ್ಲೆಂಡಿನಲ್ಲಿ ಜನ ಸುದ್ದಿ ಓದಿ ಮರುಗುತ್ತಿದ್ದಾಗ ಇಲ್ಲಿ ಹಲವು ಲಿಪಿಗಳಲ್ಲಿ ಹಾಳೆಗಳು ಅಚ್ಚಾಗುತ್ತಿದ್ದವು. ಅಚ್ಚುಕೂಟವನ್ನು ಎತ್ತಿ ನಿಲ್ಲಿಸಿದ ಶಕ್ತಿ ಆ ತಿಂಗಳುಗಳಲ್ಲಿ ಆ ಆವರಣದ ಒಳಗೇ ಇದ್ದಿರಬೇಕು.

ಅದು ಏನೆಂಬುದು ಮರುದಿನವೇ ಗೊತ್ತಾಯಿತು. ಬೆಂಕಿ ಬಿದ್ದ ದಿನ ಕೇರಿ ಕಲ್ಕತ್ತದಲ್ಲಿದ್ದ, ಕಾಲೇಜಿನ ಪಾಠಕ್ಕೆಂದು. ಬೆಳಗ್ಗೆ ಮಾರ್ಷ್‌ಮನ್ ಅಲ್ಲಿಗೆ ಹೋಗಿ ಸುದ್ದಿ ತಿಳಿಸಿದ. ಸಂಜೆ ಇಬ್ಬರೂ ನದಿಯಲ್ಲಿ ವಾಪಸು ಬರುವಷ್ಟರಲ್ಲಿ ವಾರ್ಡ್ ಇನ್ನೂ ಹೊಗೆಯಾಡುತ್ತಿದ್ದ ಅವಶೇಷಗಳನ್ನು ಕೆದಕಿಸುತ್ತಿದ್ದ. ಕರಗಿ ಗಟ್ಟಿಯಾದ ಸೀಸದ ಹೆಪ್ಪುಗಳು ಟನ್‌ಗಟ್ಟಲೆ ಸಿಕ್ಕಿದವು. ಅವುಗಳ ನಡುವೆ, ಕಪ್ಪಾಗಿದ್ದರೂ ಮುಕ್ಕಾಗದೆ, ಉಕ್ಕಿನ ಪಂಚುಗಳು ಸಿಕ್ಕಿದವು. ಮೊಳೆ ಎರಕದ ಕ್ರಮ ತಿಳಿಯದವರಿಗೆ ಇದರ ಬೆಲೆ ಹೊಳೆಯಲಾರದು. ಅಚ್ಚಿನ ಮೊಳೆ ತಾನೇ ಮೂಲವಲ್ಲ. ಮೊದಲು ಕುಶಲಿಯೊಬ್ಬ ಉಕ್ಕಿನ ಕಡ್ಡಿಯ ತುದಿಯಲ್ಲಿ ಅಕ್ಷರವನ್ನು ತಿರುಗುಮುರುಗಾಗಿ, ಕೂದಲೆಳೆಯಷ್ಟೂ ತಪ್ಪದಂತೆ ಕೆತ್ತುತ್ತಾನೆ. ಆ ಪಂಚನ್ನು ಕಾಯಿಸಿ ಗಡುಸು ಮಾಡಿ, ತಾಮ್ರದ ತುಂಡಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆದರೆ ತಾಮ್ರದಲ್ಲಿ ಅಕ್ಷರದ ಗುಳಿ ಬೀಳುತ್ತದೆ. ಆ ಗುಳಿಗೆ ಸೀಸ, ತವರ, ಆಂಟಿಮನಿಯ ಮಿಶ್ರಲೋಹ ಹೊಯ್ದರೆ ಒಂದು ಮೊಳೆ. ಮತ್ತೆ ಹೊಯ್ದರೆ ಮತ್ತೊಂದು. ಮೊಳೆ ಸವೆಯುತ್ತದೆ, ಒಡೆಯುತ್ತದೆ, ಕರಗುತ್ತದೆ. ಪಂಚು ಇದ್ದರೆ ಅದನ್ನು ಸಾವಿರ ಸಲ ಹುಟ್ಟಿಸಬಹುದು. ಕನ್ನಡ, ತೆಲುಗಿನಂಥ ಲಿಪಿಗಳಲ್ಲಿ ಕಾಗುಣಿತಕ್ಕೂ ಒತ್ತಕ್ಷರಕ್ಕೂ ಬೇರೆ ಬೇರೆ ರೂಪಗಳು ಬೇಕಾಗುವುದರಿಂದ ಒಂದು ಭಾಷೆಯ ಪಂಚುಗಳ ಕಟ್ಟೆಂದರೆ ವರ್ಷಗಟ್ಟಲೆಯ ದುಡಿಮೆ. ಆ ವರ್ಷಗಳು ಬೂದಿಯಡಿಯಲ್ಲಿ ಹಾಗೇ ಉಳಿದಿದ್ದವು.

ಉಳಿದದ್ದು ಬರೀ ಅದೃಷ್ಟವಲ್ಲವೇ, ಇದರಲ್ಲಿ ಅವರ ಹೆಚ್ಚುಗಾರಿಕೆ ಏನು ಎಂದು ಕೇಳಬಹುದು. ಉಕ್ಕು ಉಳಿದದ್ದು ಲೋಹದ ಗುಣ, ಸರಿ. ಮೊಳೆಯ ಮಿಶ್ರಲೋಹ 300 ಡಿಗ್ರಿ ಆಸುಪಾಸಿನಲ್ಲೇ ನೀರಾಗುತ್ತದೆ. ತಾಮ್ರ ಕರಗಲು 1,085 ಡಿಗ್ರಿ ಬೇಕು, ಉಕ್ಕಿಗೆ ಅದಕ್ಕೂ ಮೇಲೆ. ಕಾಗದದ ಬೆಂಕಿಗೆ ಅಷ್ಟು ಕಾವು ಬರುವುದು ಕಷ್ಟ. ಆದರೆ ಆ ಉಕ್ಕು ಸೆರಾಂಪುರದಲ್ಲೇ ಇದ್ದದ್ದು ಅದೃಷ್ಟವಲ್ಲ, ಹನ್ನೆರಡು ವರ್ಷ ಹಿಂದೆ ಮಾಡಿದ ಒಂದು ತೀರ್ಮಾನದ ಫಲ. ಮೊಳೆಗಳನ್ನು ಲಂಡನ್ನಿನಿಂದ ತರಿಸುವುದೇ ಆ ಕಾಲದ ವಾಡಿಕೆ. ಲಂಡನ್ನಿನ ಫ್ರೈ ಮತ್ತು ಫಿಗಿನ್ಸ್ ಎರಕದಂಗಡಿಗಳು ನಾಗರಿಯ ಅರ್ಧ ಕಟ್ಟಿಗೇ 700 ಪೌಂಡಿಗೆ ಕಡಿಮೆ ಒಪ್ಪುತ್ತಿರಲಿಲ್ಲ. ಸೆರಾಂಪುರದ ಕುಶಲಿಗಳು ಇಡೀ ನಾಗರಿಯನ್ನು ಸುಮಾರು 100 ಪೌಂಡಿನಲ್ಲಿ ಮಾಡಿ ಮುಗಿಸಿದರು. ಹಣ ಉಳಿಯಲೆಂದೇ ಮಾಡಿದ ತೀರ್ಮಾನವಿರಬಹುದು. ಆದರೂ ಅದರಿಂದಾಗಿ ಪಂಚುಗಳೂ, ಪಂಚು ಕೆತ್ತಬಲ್ಲ ಕೈಗಳೂ ಅಚ್ಚುಕೂಟದ ಹಿತ್ತಿಲಲ್ಲೇ ಇದ್ದವು. ಪಂಚು ಲಂಡನ್ನಿನಲ್ಲಿದ್ದು ಮೊಳೆ ಮಾತ್ರ ಇಲ್ಲಿದ್ದಿದ್ದರೆ, ಬೆಂಕಿಯ ಸುದ್ದಿ ಹೋಗಿ ಹೊಸ ಮೊಳೆ ಬರುವವರೆಗೆ ಯಂತ್ರಗಳು ಸುಮ್ಮನೆ ನಿಂತಿರುತ್ತಿದ್ದವು.

ಆ ಕೈಗಳ ಹೆಸರನ್ನು ಇಲ್ಲಿ ಹೇಳಲೇಬೇಕು. ಪಂಚಾನನ ಕರ್ಮಕಾರ, ಜಾತಿಯಿಂದಲೂ ಕಸುಬಿನಿಂದಲೂ ಕಮ್ಮಾರ. ನಮ್ಮ ಕಮ್ಮಾರ ಎಂಬ ಮಾತೂ ಅದೇ ಬೇರಿನದು. 1778ರಲ್ಲಿ ಹೂಗ್ಲಿಯಲ್ಲಿ ಹ್ಯಾಲ್‌ಹೆಡ್‌ನ ಬಂಗಾಳಿ ವ್ಯಾಕರಣ ಅಚ್ಚಾದಾಗ ಚಾರ್ಲ್ಸ್ ವಿಲ್ಕಿನ್ಸ್ ಜೊತೆ ಬಂಗಾಳಿ ಅಕ್ಷರಗಳ ಕೆಲಸ ಮಾಡಿದವನು ಅವನು. ಸೆರಾಂಪುರಕ್ಕೆ ಬಂದು ಕೆಲವೇ ವರ್ಷ ಬದುಕಿದ. ಅಷ್ಟರಲ್ಲಿ ಅಳಿಯ ಮನೋಹರನಿಗೂ ಇತರರಿಗೂ ವಿದ್ಯೆಯನ್ನು ಧಾರೆಯೆರೆದಿದ್ದ. ಬೆಂಕಿಯ ನಂತರದ ವಾರಗಳಲ್ಲಿ ಹಗಲು ರಾತ್ರಿ ಪಾಳಿಯಲ್ಲಿ ಎರಕ ಹೊಯ್ದ ಕೆಲಸಗಾರರ ಹಿಂದೆ ಮನೋಹರ ಕರ್ಮಕಾರನ ಕೈಚಳಕವಿತ್ತು. ಕರಗಿದ ಲೋಹವೇ ಮತ್ತೆ ಮೂಸೆಗೆ ಬಿದ್ದು ಮೊಳೆಯಾಯಿತು. ಜಾಗದ ತೊಂದರೆಯೂ ನೀಗಿತು. ಅಲ್ಲೇ ಬಾಡಿಗೆಗೆ ಕೊಟ್ಟಿದ್ದ, ಸುಟ್ಟ ಹಜಾರಕ್ಕಿಂತ ದೊಡ್ಡದಾದ ಒಂದು ಗೋದಾಮು ಕೆಲವೇ ದಿನಗಳ ಹಿಂದೆ ಖಾಲಿಯಾಗಿತ್ತು. ಅದಂತೂ ನಿಜವಾಗಿ ಅದೃಷ್ಟವೇ. ಮೊದಲು ಎರಕ ಹೊಯ್ದವುಗಳಲ್ಲಿ ತಮಿಳು ಸೇರಿತ್ತು. ಅದರ ಕೆಲಸ ಆಗಲೇ ಒಪ್ಪಿಕೊಂಡದ್ದಾಗಿತ್ತು. ಮಾಲು ಸುಟ್ಟುಹೋದರೂ ಮಾತು ಉಳಿಸಿಕೊಳ್ಳಬೇಕೆಂಬ ಹಟ ಅದರಲ್ಲಿ ಕಾಣುತ್ತದೆ.

ಹೋಲಿಕೆಗೆಂದು ಲಂಡನ್ನಿನ ದೊಡ್ಡ ಬೆಂಕಿಯನ್ನು ನೋಡಬಹುದು. 1666ರ ಸೆಪ್ಟೆಂಬರ್‌ನಲ್ಲಿ ನಗರ ಹೊತ್ತಿ ಉರಿದಾಗ ಸೇಂಟ್ ಪಾಲ್ಸ್ ಸುತ್ತಲಿನ ಪುಸ್ತಕ ವ್ಯಾಪಾರಿಗಳು ತಮ್ಮ ದಾಸ್ತಾನನ್ನೆಲ್ಲ ಆ ಪ್ರಧಾನ ಇಗರ್ಜಿಯ ನೆಲಮಾಳಿಗೆಯಲ್ಲಿದ್ದ ಸೇಂಟ್ ಫೇತ್ಸ್‌ಗೆ ಸಾಗಿಸಿದರು. ಕಲ್ಲಿನ ಕಮಾನುಗಳ ಕೆಳಗೆ ಏನೂ ಆಗದೆಂಬ ನಂಬಿಕೆ. ಮೇಲಿನ ಚಾವಣಿ ಕುಸಿಯಿತು, ನೆಲಮಾಳಿಗೆಯ ಪುಸ್ತಕಗಳೆಲ್ಲ ಉರಿದವು. ಸ್ಯಾಮುಯೆಲ್ ಪೀಪ್ಸ್ ತನ್ನ ದಿನಚರಿಯಲ್ಲಿ ಬರೆದಂತೆ ಜನ 1,50,000 ಪೌಂಡಿನ ಪುಸ್ತಕ ಹೋಯಿತೆಂದು ಆಡಿಕೊಳ್ಳುತ್ತಿದ್ದರು. ಅವನಿಗೆ ಪುಸ್ತಕ ಮಾರುತ್ತಿದ್ದ ಕರ್ಟನ್ ದಿವಾಳಿಯಾಗಿ, ಮರುವರ್ಷ ತೀರಿಕೊಂಡ. ಶೇಕ್ಸ್‌ಪಿಯರನ ಮೂರನೆಯ ಫೋಲಿಯೊ ಇಂದು ವಿರಳವಾಗಿರಲು ಮಾರಾಟವಾಗದ ಅದರ ಪ್ರತಿಗಳು ಆ ಬೆಂಕಿಗೆ ಆಹುತಿಯಾದದ್ದೇ ಕಾರಣವೆಂದು ಅಪರೂಪದ ಪುಸ್ತಕಗಳ ವ್ಯಾಪಾರಿಗಳು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಲಂಡನ್ನಿನ ಆ ವ್ಯಾಪಾರಿಯ ಬಳಿ ಇದ್ದದ್ದು ಪ್ರತಿಗಳು. ಪ್ರತಿ ಸುಟ್ಟರೆ ಅದರ ಜಾಗದಲ್ಲಿ ಇನ್ನೊಂದನ್ನು ಹುಟ್ಟಿಸುವ ಸಾಧನ ಅವನ ಕೈಯಲ್ಲಿರಲಿಲ್ಲ. ಹಳೆಯ, ಅಪರೂಪದ ಪುಸ್ತಕವಾದರೆ ಯಾರ ಕೈಯಲ್ಲೂ ಇರುವುದಿಲ್ಲ. ಸೆರಾಂಪುರದ ಬಳಿ ಪ್ರತಿಗಳ ಬೀಜ ಇತ್ತು.

ಇನ್ನು ಹಣದ ಮಾತು. ಹಣ ಬರುತ್ತದೆಂಬ ಭರವಸೆ ಇದ್ದದ್ದರಿಂದಲೇ ಅವರು ಅಷ್ಟು ಧೈರ್ಯದಿಂದ ಕೈಹಾಕಿದರು, ಆದ್ದರಿಂದ ಇಂಗ್ಲೆಂಡಿನ ಔದಾರ್ಯವೇ ಮೂಲಬಲ ಎಂದು ವಾದಿಸಬಹುದು. ಈ ಮಾತಿನಲ್ಲಿ ತಿರುಳಿದೆ. ಬೆನ್ನ ಹಿಂದೆ ಒಂದು ಸಂಘವಿದೆ ಎಂಬ ನೆಚ್ಚಿಕೆ ಇಲ್ಲದವನು ಬೂದಿಯ ಮುಂದೆ ಕೈಚೆಲ್ಲಿ ಕೂರುತ್ತಾನೆ. ಬಂದ ಹಣ ಮುಂದಿನ ವರ್ಷಗಳ ವಿಸ್ತಾರಕ್ಕೆ ಒದಗಿತು ಎಂಬುದನ್ನೂ ಒಪ್ಪಬೇಕು. ಆದರೆ ಮೊದಲ ತಿಂಗಳುಗಳ ಕೂಲಿ, ಇದ್ದಿಲು, ಅಕ್ಕಿ ಇವುಗಳಿಗೆ ಬೇಕಾದದ್ದು ಕೈಯಲ್ಲಿರುವ ರೊಕ್ಕ. ಕೇರಿಗೆ 1807ರಿಂದ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ತಿಂಗಳಿಗೆ 1,000 ರೂಪಾಯಿ ಸಂಬಳವಿತ್ತು. ಮಾರ್ಷ್‌ಮನ್ ಮತ್ತು ಅವನ ಹೆಂಡತಿ ಹ್ಯಾನಾ ನಡೆಸುತ್ತಿದ್ದ ವಸತಿಶಾಲೆಗಳಿಂದ ಆದಾಯವಿತ್ತು. ಎಲ್ಲವೂ ಬೀಳುತ್ತಿದ್ದುದು ಆ ಒಂದೇ ಥೈಲಿಗೆ. ದಾನ ಕಡಲಾಚೆ ಇದ್ದಾಗ ದುಡಿಮೆ ಕೈಗೆಟಕುವಲ್ಲಿತ್ತು. ದಾನಿಗಳನ್ನು ಕಡಿಮೆ ಮಾಡಿ ಹೇಳುವುದು ನನ್ನ ಉದ್ದೇಶವಲ್ಲ. ಕೊಟ್ಟವರ ಹೆಸರುಗಳು ವರದಿಗಳಲ್ಲಿ ಸಾಲುಸಾಲಾಗಿ ಅಚ್ಚಾದವು, ಎರಕ ಹೊಯ್ದವರ ಹೆಸರುಗಳು ಆಗಲಿಲ್ಲ. ಆ ಅಸಮತೆಯನ್ನು ಇತಿಹಾಸ ಬರೆಯುವವರೂ ಮುಂದುವರಿಸಿದರೆ ಅದು ತಪ್ಪು.

ಇಷ್ಟರಿಂದ ಸೆರಾಂಪುರ ಪೂರ್ತಿ ಚೇತರಿಸಿಕೊಂಡಿತು ಎನ್ನಲಾಗದು. ಪಂಚಿನಿಂದ ಮೊಳೆ ಹುಟ್ಟುವಂತೆ ಹಸ್ತಪ್ರತಿಯನ್ನು ಹುಟ್ಟಿಸಲು ಬರುವುದಿಲ್ಲ. ಅದರ ಪಂಚು ಬರೆದವನ ತಲೆಯೊಳಗಿದೆ, ಆ ತಲೆಗೆ ಆಗ ಐವತ್ತು ವರ್ಷವಾಗಿತ್ತು. ಒಮ್ಮೆ ನಡೆದ ದಾರಿಯಲ್ಲಿ ಎರಡನೆಯ ಸಲ ನಡೆಯುವುದು ಹಗುರ ಎಂಬರ್ಥದಲ್ಲಿ ಕೇರಿ ಸಮಾಧಾನ ತಂದುಕೊಂಡ. ಕೆಲವು ಕೆಲಸಗಳ ಮಟ್ಟಿಗೆ ಅದು ನಿಜವೂ ಆಯಿತು. ತೆಲುಗು ವ್ಯಾಕರಣವನ್ನು ಮತ್ತೆ ಬರೆದು 1814ರಲ್ಲಿ ಹೊರತಂದ. ಬಂಗಾಳಿ ನಿಘಂಟು ಮುಂದೆ ದೊಡ್ಡ ಸಂಪುಟಗಳಾಗಿ ಬಂತು. ರಾಮಾಯಣ ಮಾತ್ರ 1806ರಿಂದ 1810ರವರೆಗೆ ಅಚ್ಚಾಗಿದ್ದ ಮೂರು ಸಂಪುಟಗಳಿಗೇ ನಿಂತುಹೋಯಿತು. ಬಹುಭಾಷಾ ನಿಘಂಟಂತೂ ಮತ್ತೆ ಹುಟ್ಟಲೇ ಇಲ್ಲ. ಬೆಂಕಿಗೆ ಮೂರು ತಿಂಗಳು ಮುಂಚೆ, 1811ರ ಡಿಸೆಂಬರ್‌ನಲ್ಲಿ, ಕೇರಿ ಅದರ ಯೋಜನೆಯನ್ನು ಕಾಗದದಲ್ಲಿ ವಿವರಿಸಿದ್ದ: ಸಂಸ್ಕೃತ ಶಬ್ದ ಮೊದಲು, ಅದರ ಅರ್ಥ, ಆಮೇಲೆ ಒಂದೊಂದು ಭಾಷೆಯಲ್ಲಿ ಅದಕ್ಕೆ ಹೊಂದುವ ಮಾತು. ವರ್ಷಗಳಿಂದ ಕೂಡಿಸುತ್ತಿದ್ದ ಸಾಮಗ್ರಿ ಅದು.

ನಮ್ಮಲ್ಲಿ ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ದಾನದ ಹಿರಿಮೆಯಾಗಿ ಹೇಳುತ್ತೇವೆ. ಓಲೆಗರಿಗೆ ಗೆದ್ದಲು, ನೀರು, ಬೆಂಕಿ ಮೂರೂ ಶತ್ರುಗಳು ಎಂದು ಬಲ್ಲ ಕಾಲದಲ್ಲಿ ಅದು ದಾನವಷ್ಟೇ ಆಗಿರಲಿಲ್ಲ, ಕೃತಿಯನ್ನು ಉಳಿಸುವ ಉಪಾಯವೂ ಆಗಿತ್ತು. ಸಾವಿರ ಕಡೆ ಇದ್ದದ್ದನ್ನು ಒಂದು ಬೆಂಕಿ ಸುಡಲಾರದು. ಪ್ರತಿ ಮಾಡುವುದನ್ನೇ ಉದ್ಯಮವಾಗಿಸಿಕೊಂಡಿದ್ದ ಸೆರಾಂಪುರದಲ್ಲಿ ಅತ್ಯಂತ ಬೆಲೆಬಾಳುವ ಬರಹಗಳು ಒಂದೊಂದೇ ಪ್ರತಿಯಲ್ಲಿ, ಅದೂ ಕಾಗದದ ದಾಸ್ತಾನಿದ್ದ ಅದೇ ಕಟ್ಟಡದಲ್ಲಿ ಇದ್ದವು. ಹಗಲೆಲ್ಲ ಇನ್ನೊಂದು ಪ್ರತಿ ಬರೆಯಬಲ್ಲ ಪಂಡಿತರು ಅಲ್ಲೇ ಇದ್ದರು. ಹೊಸದು ಬರೆಯುವ ಅವಸರದಲ್ಲಿ ಬರೆದಾದದ್ದರ ನಕಲಿಗೆ ಬಿಡುವು ಸಿಗಲಿಲ್ಲ ಎಂದು ಕಾಣುತ್ತದೆ. ಆ ಮೂವರ ಶ್ರಮದ ಬಗ್ಗೆ ಎಷ್ಟು ಗೌರವವಿದ್ದರೂ ಈ ಎಚ್ಚರಗೇಡನ್ನು ಮುಚ್ಚಿಡಲಾಗದು.

ಕನ್ನಡದ ಪಾಲಿಗೆ ಈ ಬೆಂಕಿಯ ಅರ್ಥವೇನು? ಕೇರಿ ಕನ್ನಡ ನಾಡಿನಲ್ಲಿ ಬಾಳಿದವನಲ್ಲ. ಅವನ ಕನ್ನಡ ಬಂಗಾಳದಲ್ಲಿ ಕೂತು ಪಂಡಿತರಿಂದ ಕಲಿತದ್ದು. ಸುಟ್ಟುಹೋದ ಅನುವಾದ ನಮ್ಮ ಸಾಹಿತ್ಯಕ್ಕೆ ದೊಡ್ಡ ನಷ್ಟವೆಂದು ಹೇಳಲು ನನಗೆ ಧೈರ್ಯವಿಲ್ಲ. ಅದೇ ಹೊತ್ತಿನಲ್ಲಿ, 1810ರಿಂದ, ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ನೆಲೆಸಿ, ಕನ್ನಡ ಆಡುವ ಜನರ ನಡುವೆಯೇ ಇದ್ದು ಅದೇ ಅನುವಾದದ ಕೆಲಸ ನಡೆಸುತ್ತಿದ್ದ. ಆದರೆ ಆ ರಾತ್ರಿಯ ನಂತರ ಬೂದಿಯಿಂದ ಹೊರಬಂದ ಉಕ್ಕಿನಲ್ಲಿ ಕನ್ನಡದ ಪಂಚುಗಳೂ ಇದ್ದಿರಲೇಬೇಕು. 1811ರ ಹಜಾರದಲ್ಲಿ ಕನ್ನಡ ಮೊಳೆಗಳ ಪೆಟ್ಟಿಗೆ ಇತ್ತೆಂದು ವಾರ್ಡ್ ಎಣಿಸಿದ್ದಾನೆ. ಬೆಂಕಿಯಾದ ಐದು ವರ್ಷದ ಮೇಲೆ, 1817ರಲ್ಲಿ, ಕೇರಿಯ ಕರ್ಣಾಟ ಭಾಷೆಯ ವ್ಯಾಕರಣ ಅದೇ ಸೆರಾಂಪುರದಿಂದ ಅಚ್ಚಾಗಿ ಹೊರಬಂತು. ಕನ್ನಡ ಮುದ್ರಣದ ಮೊದಲ ಹೆಜ್ಜೆಗಳಲ್ಲಿ ಅದೂ ಒಂದು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಅಚ್ಚುಕೂಟ ಶುರುವಾಗಲು ಇನ್ನೂ 24 ವರ್ಷವಿತ್ತು, ಮಂಗಳೂರ ಸಮಾಚಾರಕ್ಕೆ 26 ವರ್ಷ. ಕನ್ನಡ ನಾಡಿನಿಂದ ಇಷ್ಟು ದೂರದಲ್ಲಿ ಒಬ್ಬ ಬಂಗಾಳಿ ಕಮ್ಮಾರನ ಮನೆತನದ ಕಸುಬಿನಿಂದ ನಮ್ಮ ಅಕ್ಷರಕ್ಕೆ ಸೀಸದ ಮೈ ಬಂತೆಂಬುದು ನೆನೆದಾಗ ಕೃತಜ್ಞತೆ ಹುಟ್ಟುತ್ತದೆ.

ಬಹುಭಾಷಾ ನಿಘಂಟಿನ ವಿಚಾರದಲ್ಲಿ ಕೊಂಚ ಗಟ್ಟಿಯಾದ ಆಕ್ಷೇಪವೊಂದಿದೆ. ಅದರ ಅಡಿಪಾಯವೇ ತಪ್ಪಾಗಿತ್ತು. ಕನ್ನಡ, ತೆಲುಗುಗಳೂ ಸಂಸ್ಕೃತದಿಂದ ಹುಟ್ಟಿದವೆಂಬ ನಂಬಿಕೆಯ ಮೇಲೆ ಕೇರಿ ಅದನ್ನು ಕಟ್ಟುತ್ತಿದ್ದ. ಮದರಾಸಿನ ಫ್ರಾನ್ಸಿಸ್ ವೈಟ್ ಎಲ್ಲಿಸ್ 1816ರಲ್ಲಿ ಕ್ಯಾಂಪ್‌ಬೆಲ್ಲನ ತೆಲುಗು ವ್ಯಾಕರಣಕ್ಕೆ ಸೇರಿಸಿದ ಟಿಪ್ಪಣಿಯಲ್ಲಿ ಕೇರಿಯಂಥವರ ಈ ಮಾತನ್ನು ಎತ್ತಿಕೊಂಡು, ತೆಲುಗು, ತಮಿಳು, ಕನ್ನಡಗಳ ಧಾತುಗಳನ್ನು ಅಕ್ಕಪಕ್ಕ ಇಟ್ಟು, ಇವುಗಳದ್ದೇ ಬೇರೆ ಕುಲವೆಂದು ತೋರಿಸಿದ. ಹಾಗಿದ್ದರೆ ತಪ್ಪು ಸಿದ್ಧಾಂತದ ನಿಘಂಟು ಸುಟ್ಟುಹೋದದ್ದಕ್ಕೆ ಮರುಗುವುದೇಕೆ? ಸಿದ್ಧಾಂತ ಬೇರೆ, ಸಾಕ್ಷ್ಯ ಬೇರೆ ಎಂಬುದು ನನ್ನ ಉತ್ತರ. ಒಂದು ಸಂಸ್ಕೃತ ಶಬ್ದದ ಮುಂದೆ 1811ರ ಕನ್ನಡ ಪಂಡಿತ ಯಾವ ಮಾತನ್ನು ಹೇಳಿದ, ತತ್ಸಮವನ್ನೋ ತದ್ಭವವನ್ನೋ ಅಚ್ಚಗನ್ನಡವನ್ನೋ, ಎಂಬುದು ಆ ಸಾಲುಗಳಲ್ಲಿ ದಾಖಲಾಗಿತ್ತು. ಪಕ್ಕದಲ್ಲೇ ತೆಲುಗು, ಒಡಿಯಾ, ಮರಾಠಿಯ ಮಾತುಗಳಿದ್ದವು. ಅಂಥ ಸಾಲುಗಳಿಂದಲೇ ಸಿದ್ಧಾಂತ ತಪ್ಪೆಂದು ತೋರಿಸಲು ಬರುತ್ತಿತ್ತು. ಎಲ್ಲಿಸ್ ಮಾಡಿದ್ದು ಸಾಲು ಹೋಲಿಸುವ ಕೆಲಸವನ್ನೇ. ಕಿಟ್ಟೆಲ್ ನಿಘಂಟು ಬರಲು 1894ರವರೆಗೆ ಕಾಯಬೇಕಾದ ನಮಗೆ, ಅದಕ್ಕೂ 80 ವರ್ಷ ಹಿಂದಿನ ಅಂಥದೊಂದು ಪದಸಂಗ್ರಹ ತಪ್ಪುಗಳ ಸಮೇತವಾದರೂ ಬೇಕಿತ್ತು.

ಉದ್ಯಮದ ಚೇತರಿಕೆ ಎಷ್ಟು ಪೂರ್ಣವಾಗಿತ್ತೆಂದರೆ ಆಮೇಲಿನ ವರ್ಷಗಳೇ ಸೆರಾಂಪುರದ ವೈಭವದ ಕಾಲವೆನಿಸಿದವು. 1818ರಲ್ಲಿ ಬಂಗಾಳಿಯ ಸಮಾಚಾರ ದರ್ಪಣ ಅಲ್ಲಿಂದ ಹೊರಟಿತು. 1820ರಲ್ಲಿ ಕಾಗದದ ಕಾರ್ಖಾನೆಗೆ ಇಂಗ್ಲೆಂಡಿನಿಂದ ಉಗಿಯಂತ್ರ ಬಂತು. 1801ರಿಂದ 1832ರವರೆಗೆ ಸುಮಾರು 40 ಭಾಷೆಗಳಲ್ಲಿ 2,12,000 ಪ್ರತಿಗಳು ಅಲ್ಲಿ ಅಚ್ಚಾದವು. ಇಂದು ಆ ಮುದ್ರಣಗಳು ಗ್ರಂಥಾಲಯಗಳ ಬೀಗದ ಕಪಾಟುಗಳಲ್ಲಿವೆ, ಅಪರೂಪದ ಪುಸ್ತಕಗಳ ಪಟ್ಟಿಯಲ್ಲಿ ಮೆರೆಯುತ್ತವೆ. ಒಂದು ಕಾಲಕ್ಕೆ ಸಾವಿರಗಟ್ಟಲೆ ಇದ್ದದ್ದು ಈಗ ಬೆರಳೆಣಿಕೆಗೆ ಬಂದಿದೆ.

ವಾರ್ಡ್ 1823ರಲ್ಲಿ ಕಾಲರಾದಿಂದ ತೀರಿಕೊಂಡ, ಕೇರಿ 1834ರಲ್ಲಿ, ಮಾರ್ಷ್‌ಮನ್ 1837ರಲ್ಲಿ. ಮನೋಹರ ನಲವತ್ತು ವರ್ಷ ಅದೇ ಕಸುಬು ಮಾಡಿದ. ಅವನು ಧರ್ಮ ಬದಲಿಸಲಿಲ್ಲ, ಅವನನ್ನು ಯಾರೂ ಕೆಲಸದಿಂದ ಬಿಡಿಸಲೂ ಇಲ್ಲ. 1839ರಲ್ಲಿ ಜೇಮ್ಸ್ ಕೆನಡಿ ಎಂಬ ಪಾದ್ರಿ ಸೆರಾಂಪುರಕ್ಕೆ ಹೋದಾಗ ಮನೋಹರ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು, ತಲೆಯ ಮೇಲ್ಗಡೆ ತನ್ನ ಇಷ್ಟದೇವತೆಯನ್ನಿಟ್ಟುಕೊಂಡು, ಬೈಬಲ್ಲಿನ ಅಕ್ಷರಗಳ ಕೆಲಸದಲ್ಲಿ ತೊಡಗಿದ್ದ.